ರೇಷ್ಮೆ ಎಳೆಯೊಳಗೆ ಇಂಗಾಲದ ಕೊಳವೆ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ವಿಜ್ಞಾನ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)



ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದೆ. ಈ ಸಂದರ್ಭದಲ್ಲಿ ನಾನು ಕಲಿಸುವ ವಸ್ತುವಿಜ್ಞಾನದಿಂದ ಒಂದು ವಿಷಯ ಆರಿಸಿಕೊಂಡು ಮಾತನಾಡಬೇಕೆಂದು ಸಮಿತಿಯವರು ಕೇಳಿಕೊಂಡರು. ಜೊತೆಗೆ ಒಂದು ಷರತ್ತನ್ನೂ ಹಾಕಿದರು. ಹತ್ತನೇ ತರಗತಿಯ ಮಕ್ಕಳಿಗೂ, ಹಿಂದೆ ಕುಳಿತಿರುವ ಅವರ ತಂದೆ ತಾಯಿಗಳಿಗೂ ಅರ್ಥವಾಗುವ ಹಾಗೆ ಹೇಳಬೇಕಂತೆ. ಹಾಗಾಗಿ ನಮ್ಮೂರಿನವರಿಗೆಲ್ಲ ಗೊತ್ತಿರುವ ವಸ್ತುವಿನಿಂದಲೇ ಶುರು ಮಾಡುತ್ತೇನೆ. ಅದು ರೇಷ್ಮೆ. ಇಲ್ಲಿ ಕುಳಿತಿರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಮನೆಯಲ್ಲಿ ಹುಳು ಮೇಯಿಸಿದ್ದಾರೆ ಅಥವಾ ನೂಲು ಬಿಚ್ಚಿದ್ದಾರೆ.

ರೇಷ್ಮೆಹುಳುವಿಗೆ ಇಂಗಾಲದ ಪುಡಿ ತಿನ್ನಿಸಿದರೆ ಉಕ್ಕಿನಂಥ ರೇಷ್ಮೆ ಬರುತ್ತದೆ ಎಂಬ ಸುದ್ದಿಯನ್ನು ನಿಮ್ಮಲ್ಲಿ ಕೆಲವರು ಮೊಬೈಲಿನಲ್ಲಿ ನೋಡಿರಬಹುದು. ಅದು ನಿಜವೇ, ನಿಜವಾದರೆ ನಮ್ಮ ಹುಳುಮನೆಗೂ ಬರುತ್ತದೆಯೇ ಎಂದು ಊರಿಗೆ ಬಂದಾಗಲೆಲ್ಲ ನನ್ನನ್ನು ಕೇಳುವವರಿದ್ದಾರೆ. ಆ ಸುದ್ದಿಯ ಹಿಂದೆ ನಿಜವಾದ ವಿಜ್ಞಾನವಿದೆ. ಆದರೆ ಸುದ್ದಿಯಲ್ಲಿ ಹೇಳದೆ ಬಿಟ್ಟ ಮಾತುಗಳೂ ಇವೆ. ಎರಡನ್ನೂ ಹೇಳುವುದು ನನ್ನ ಇಂದಿನ ಕೆಲಸ.

ಮೊದಲು ರೇಷ್ಮೆ ಎಂದರೇನು ಎಂದು ನೋಡೋಣ. ಅದು ಪ್ರೋಟೀನು. ಬೇಳೆಯಲ್ಲಿ, ಮೊಟ್ಟೆಯಲ್ಲಿ, ನಮ್ಮ ಕೂದಲು ಉಗುರುಗಳಲ್ಲಿ ಇರುವ ಜಾತಿಯದೇ ವಸ್ತು. ಅಮೈನೊ ಆಮ್ಲಗಳೆಂಬ ಸಣ್ಣ ಮಣಿಗಳನ್ನು ಪೋಣಿಸಿದ ಉದ್ದನೆಯ ಸರ ಎಂದುಕೊಳ್ಳಿ. ರೇಷ್ಮೆಯಲ್ಲಿ ಎರಡು ಮುಖ್ಯ ಪ್ರೋಟೀನುಗಳಿವೆ. ಒಳಗಿನ ಎಳೆ ಫೈಬ್ರೊಯಿನ್, ಅದರ ಮೇಲೆ ಮೆತ್ತಿರುವ ಅಂಟು ಸೆರಿಸಿನ್. ಬಿಸಿನೀರಿನಲ್ಲಿ ಗೂಡು ಬೇಯಿಸಿದಾಗ ಮೆತ್ತಗಾಗುವುದು ಈ ಸೆರಿಸಿನ್. ಗೂಡಿನ ಎಳೆಯ ತೂಕದಲ್ಲಿ ಸುಮಾರು ಕಾಲು ಭಾಗ ಅದೇ ಇರುತ್ತದೆ.

ಫೈಬ್ರೊಯಿನ್‌ನ ಸರದಲ್ಲಿ ಗ್ಲೈಸಿನ್, ಅಲನಿನ್, ಸೆರಿನ್ ಎಂಬ ಮೂರು ಸಣ್ಣ ಮಣಿಗಳು ಮತ್ತೆ ಮತ್ತೆ ಬರುತ್ತವೆ. ಮಣಿಗಳು ಸಣ್ಣವಾದ್ದರಿಂದ ಸರಗಳು ಒಂದರ ಪಕ್ಕ ಒಂದು ಒತ್ತಾಗಿ ಕೂರಬಲ್ಲವು. ಹಾಗೆ ಕೂತ ಕಡೆ, ನಿರಿಗೆ ಹಿಡಿದ ಸೀರೆಯನ್ನು ಪದರ ಪದರವಾಗಿ ಜೋಡಿಸಿದಂತೆ ಗಟ್ಟಿಯಾದ ಹರಳುಗಳಾಗುತ್ತವೆ. ಇವುಗಳಿಗೆ ಬೀಟಾ ಹಾಳೆ ಎಂದು ಹೆಸರು. ಹರಳುಗಳ ನಡುವೆ ಸರಗಳು ಸುರುಳಿ ಸುತ್ತಿಕೊಂಡು ಸಡಿಲವಾಗಿರುವ ಜಾಗಗಳೂ ಇವೆ. ಹರಳು ಬಲ ಕೊಡುತ್ತದೆ, ಸಡಿಲ ಜಾಗ ಹಿಗ್ಗುವ ಗುಣ ಕೊಡುತ್ತದೆ. ಎರಡೂ ಒಂದೇ ಎಳೆಯಲ್ಲಿ ಇರುವುದೇ ರೇಷ್ಮೆಯ ವಿಶೇಷ. ಅಂಟು ತೆಗೆದ ಒಳ್ಳೆಯ ರೇಷ್ಮೆಯ ಎಳೆಗಳನ್ನು ಒಂದು ಚದರ ಮಿಲಿಮೀಟರ್ ದಪ್ಪಕ್ಕೆ ಸೇರಿಸಿದರೆ ಸುಮಾರು 50 ಕಿಲೊ ತೂಕ ತಡೆಯುತ್ತದೆ. ಸಾಮಾನ್ಯ ಕಟ್ಟಡದ ಕಬ್ಬಿಣಕ್ಕೆ ಇದು ಹೆಚ್ಚುಕಡಿಮೆ ಸಮ. ಆದರೆ ಅಷ್ಟೇ ಗಾತ್ರದ ಕಬ್ಬಿಣ ರೇಷ್ಮೆಯ ಸುಮಾರು ಆರು ಪಟ್ಟು ತೂಗುತ್ತದೆ!

ಇನ್ನು ಎರಡನೆಯ ವಸ್ತು, ಇಂಗಾಲದ ನ್ಯಾನೊ ಕೊಳವೆ. ಪೆನ್ಸಿಲ್ಲಿನ ಕಡ್ಡಿಯಲ್ಲಿರುವ ಗ್ರಾಫೈಟ್ ನಿಮಗೆ ಗೊತ್ತು. ಅದರಲ್ಲಿ ಇಂಗಾಲದ ಪರಮಾಣುಗಳು ಜೇನುಗೂಡಿನ ಕಣ್ಣುಗಳಂತೆ ಆರು ಮೂಲೆಯ ಜಾಲವಾಗಿ ಹರಡಿರುತ್ತವೆ. ಒಂದೇ ಪರಮಾಣು ದಪ್ಪದ ಅಂಥ ಜಾಲವನ್ನು ಚಾಪೆಯ ಹಾಗೆ ಸುತ್ತಿ ಅಂಚುಗಳನ್ನು ಬೆಸೆದರೆ ಒಂದು ಕೊಳವೆ. ಅದರ ಅಡ್ಡಳತೆ ಸುಮಾರು ಒಂದು ನ್ಯಾನೊಮೀಟರ್, ಅಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಒಂದು ರೇಷ್ಮೆ ಎಳೆಯ ಅಗಲದಲ್ಲಿ ಹತ್ತು ಸಾವಿರ ಕೊಳವೆಗಳನ್ನು ಸಾಲಾಗಿ ಇಡಬಹುದು. ಜಪಾನಿನ ಸುಮಿಯೊ ಇಜಿಮಾ 1991ರಲ್ಲಿ ಇಂಥ ಕೊಳವೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡು ವಿವರಿಸಿದ ಮೇಲೆ ಜಗತ್ತಿನ ಗಮನ ಇತ್ತ ತಿರುಗಿತು. 2000ದಲ್ಲಿ ಪ್ರಕಟವಾದ ಒಂದು ಅಳತೆಯ ಪ್ರಕಾರ ಪದರ ಪದರವಾದ ಕೊಳವೆಯ ಹೊರಪದರದ ಬಲ ಒಂದು ಚದರ ಮಿಲಿಮೀಟರಿಗೆ ಒಂದು ಟನ್ನಿಗಿಂತ ಹೆಚ್ಚಿನಿಂದ ಆರು ಟನ್ನಿನವರೆಗೆ. ರೇಷ್ಮೆಯ 50 ಕಿಲೊ ಎಲ್ಲಿ, ಈ ಆರು ಟನ್ನು ಎಲ್ಲಿ!

ಈ ಕೊಳವೆ ನಮ್ಮ ನೆಲಕ್ಕೆ ಪೂರ್ತಿ ಹೊಸದಲ್ಲ ಎನ್ನುವುದನ್ನೂ ಇಲ್ಲಿ ಹೇಳಬೇಕು. ದಕ್ಷಿಣ ಭಾರತದ ಕುಲುಮೆಗಳಲ್ಲಿ ಮೂಸೆಯಲ್ಲಿ ಕಾಯಿಸಿ ತೆಗೆದ ಉಕ್ಕು ಹಡಗು ಹತ್ತಿ ಪಶ್ಚಿಮಕ್ಕೆ ಹೋಗುತ್ತಿತ್ತು. ಅದನ್ನು ಅಲ್ಲಿಯವರು ವೂಟ್ಜ್ ಎಂದು ಕರೆದರು. ಅದು ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಬಂದದ್ದು ಎಂಬುದು ಬಹಳ ವಿದ್ವಾಂಸರ ಅಭಿಪ್ರಾಯ. ಆ ಉಕ್ಕಿನಿಂದ ಡಮಾಸ್ಕಸ್ ಕತ್ತಿಗಳನ್ನು ಮಾಡುತ್ತಿದ್ದರು. ಜರ್ಮನಿಯ ಡ್ರೆಸ್ಡೆನ್ ನಗರದ ಪೀಟರ್ ಪೌಫ್ಲರ್ ಮತ್ತು ಸಂಗಡಿಗರು ಅಂಥದ್ದೊಂದು ಹಳೆಯ ಕತ್ತಿಯ ಚೂರಿನಲ್ಲಿ ಇಂಗಾಲದ ನ್ಯಾನೊ ಕೊಳವೆಗಳನ್ನು ಕಂಡದ್ದಾಗಿ 2006ರಲ್ಲಿ ವರದಿ ಮಾಡಿದರು. ಕಮ್ಮಾರರಿಗೆ ಕೊಳವೆ ಕಾಣಿಸಿರಲಿಲ್ಲ. ಹದ ಮಾತ್ರ ಗೊತ್ತಿತ್ತು.

ಈಗ ಎರಡನ್ನೂ ಬೆರೆಸುವ ಮಾತು. ಮೆತ್ತಗಿನದಕ್ಕೆ ಗಟ್ಟಿ ನಾರು ಬೆರೆಸಿ ಬಲಪಡಿಸುವ ಉಪಾಯ ಬಹಳ ಹಳೆಯದು. ನಮ್ಮ ಅಜ್ಜಂದಿರು ಗೋಡೆಯ ಮಣ್ಣಿಗೆ ಹುಲ್ಲು ಕತ್ತರಿಸಿ ಹಾಕಿ ತುಳಿಯುತ್ತಿದ್ದರು. ಒಣಗಿದ ಮಣ್ಣು ಬಿರುಕು ಬಿಡಲು ಹೊರಟರೆ ಹುಲ್ಲಿನೆಳೆ ಎರಡೂ ಕಡೆ ಹಿಡಿದು ನಿಲ್ಲಿಸುತ್ತದೆ. ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳೂ ಅದೇ ಕೆಲಸ ಮಾಡುತ್ತದೆ. ಇಂಥ ಬೆರಕೆಗೆ ಸಂಯುಕ್ತ ವಸ್ತು ಎಂದು ಹೆಸರು. ನಮ್ಮ ಮೂಳೆಯೂ ಅಂಥದ್ದೇ. ಕೊಲಾಜೆನ್ ಎಂಬ ಪ್ರೋಟೀನಿನೊಳಗೆ ಸುಣ್ಣದಂಶದ ಸಣ್ಣ ಹರಳುಗಳು ಕೂತು ಅದು ಆಗಿದೆ. ಕೋಳಿ ಮೂಳೆಯನ್ನು ಕೆಲವು ದಿನ ವಿನೆಗರಿನಲ್ಲಿ ಮುಳುಗಿಸಿಡಿ. ಸುಣ್ಣದಂಶ ಕರಗಿ ಹೋಗಿ, ಉಳಿದ ಪ್ರೋಟೀನು ರಬ್ಬರಿನ ಹಾಗೆ ಬಾಗುತ್ತದೆ.

ಹಾಗಾದರೆ ಪ್ರೋಟೀನಿಗೆ ಒಂದಿಷ್ಟು ಕೊಳವೆ ಬೆರೆಸಿದರೆ ಎಷ್ಟು ಗಟ್ಟಿಯಾಗಬೇಕು? ಕರಿಹಲಗೆಯ ಮೇಲೆ ಒಂದು ಲೆಕ್ಕ ಮಾಡೋಣ. ಎಳೆದಾಗ ಹಿಗ್ಗದೆ ಬಿಗಿಯಾಗಿ ನಿಲ್ಲುವ ಗುಣವನ್ನು ಬಿಗುವು ಎನ್ನೋಣ. ಒಂದು ಪ್ರೋಟೀನಿನ ಬಿಗುವು 3 ಇರಲಿ. ಕೊಳವೆಯದು ಅದೇ ಅಳತೆಯಲ್ಲಿ ಸುಮಾರು 1000. ನೂರು ಪಾಲಿನಲ್ಲಿ ಒಂದೇ ಪಾಲು ಕೊಳವೆ ಸೇರಿಸೋಣ. ಎಲ್ಲ ಕೊಳವೆಗಳೂ ಎಳೆಯುವ ದಿಕ್ಕಿಗೇ ನೆಟ್ಟಗೆ ನಿಂತು, ಪ್ರೋಟೀನನ್ನು ಬಿಗಿಯಾಗಿ ಹಿಡಿದುಕೊಂಡಿವೆ ಎಂದಿಟ್ಟುಕೊಂಡರೆ, ಕೊಳವೆಯಿಂದ 10, ಪ್ರೋಟೀನಿನಿಂದ ಹತ್ತಿರ ಹತ್ತಿರ 3, ಒಟ್ಟು 13. ಒಂದೇ ಪಾಲು ಬೆರೆಸಿ ನಾಲ್ಕು ಪಟ್ಟಿಗೂ ಮಿಕ್ಕಿ ಲಾಭ! ಕೊಳವೆಗಳು ಎಲ್ಲ ದಿಕ್ಕಿಗೂ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದರೆ ಅವುಗಳ ಪಾಲು ಐದನೇ ಒಂದಕ್ಕೆ ಇಳಿಯುತ್ತದೆ. ಆಗ 2 ಕೂಡಿಸು 3, ಒಟ್ಟು 5. ಅದೇ ಕೊಳವೆ, ಅದೇ ತೂಕ, ಅದೇ ಖರ್ಚು. ಜೋಡಣೆ ಬದಲಾದದ್ದಕ್ಕೆ 13 ಹೋಗಿ 5 ಆಯಿತು.

ಪ್ರಯೋಗಾಲಯದಲ್ಲಿ ಸಿಗುವ ಫಲ ಬಹಳ ಸಲ ಇದಕ್ಕಿಂತಲೂ ಕಡಿಮೆ. ಅದಕ್ಕೆ ಎರಡು ಕಾರಣಗಳಿವೆ, ಎರಡೂ ನಮ್ಮ ಅಡುಗೆಮನೆಯಲ್ಲಿ ಸಿಗುತ್ತವೆ.

ಮೊದಲನೆಯದು ಗಂಟು. ರಾಗಿ ಮುದ್ದೆ ತಿರುವುವಾಗ ಹಿಟ್ಟು ಸರಿಯಾಗಿ ಬೆರೆಯದಿದ್ದರೆ ಗಂಟು ನಿಲ್ಲುತ್ತದೆ. ನ್ಯಾನೊ ಕೊಳವೆಗಳಿಗೂ ಒಂದಕ್ಕೊಂದು ಅಂಟಿಕೊಳ್ಳುವ ಚಟ. ನೀರು ಕಂಡರೆ ದೂರ ಸರಿದು ತಮ್ಮತಮ್ಮಲ್ಲೇ ಕಟ್ಟು ಕಟ್ಟಿಕೊಳ್ಳುತ್ತವೆ. ಎಳೆಯೊಳಗೆ ಅಂಥ ಗಂಟು ಉಳಿದರೆ ಅದು ಬಲ ಕೊಡುವುದಿರಲಿ, ಎಳೆ ಹರಿಯುವುದೇ ಆ ಜಾಗದಿಂದ. ಆದ್ದರಿಂದ ಹೆಚ್ಚು ಹಾಕಿದಷ್ಟೂ ಹೆಚ್ಚು ಗಟ್ಟಿ ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಒಂದು ಮಿತಿ ದಾಟಿದ ಮೇಲೆ ಬಲ ಇಳಿಯತೊಡಗುತ್ತದೆ.

ಎರಡನೆಯದು ಹಿಡಿತ. ಎಣ್ಣೆ ಸವರಿದ ಹಗ್ಗ ಎಷ್ಟೇ ಗಟ್ಟಿಯಿದ್ದರೂ ಅದನ್ನು ಹಿಡಿದು ಬಾವಿಯಿಂದ ನೀರು ಸೇದಲಾಗುವುದಿಲ್ಲ, ಕೈ ಜಾರುತ್ತದೆ. ಕೊಳವೆಯ ಮೈ ಬಹಳ ನುಣುಪು. ಸುತ್ತಲಿನ ವಸ್ತು ಅದನ್ನು ಹಿಡಿದುಕೊಳ್ಳದಿದ್ದರೆ, ಎಳೆದಾಗ ಕೊಳವೆ ತುಂಡಾಗುವುದಿಲ್ಲ, ಒರೆಯಿಂದ ಕತ್ತಿ ಜಾರಿದ ಹಾಗೆ ಜಾರಿ ಹೊರಬರುತ್ತದೆ. ಅದರ ಆರು ಟನ್ನಿನ ಬಲ ಅದರೊಳಗೇ ಉಳಿಯುತ್ತದೆ, ನಮಗೆ ದಕ್ಕುವುದಿಲ್ಲ.

ಪ್ರೋಟೀನು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸೀಗೆಕಾಯಿಯಲ್ಲಿ ಎಣ್ಣೆಯನ್ನು ಹಿಡಿಯುವ ಭಾಗವೂ ನೀರನ್ನು ಹಿಡಿಯುವ ಭಾಗವೂ ಇರುವ ಅಣುಗಳಿವೆ. ಅದಕ್ಕೇ ತಲೆಯ ಜಿಡ್ಡು ನೀರಿನ ಜೊತೆ ಹೋಗುತ್ತದೆ. ಪ್ರೋಟೀನಿನ ಸರದಲ್ಲೂ ಎರಡೂ ಜಾತಿಯ ಮಣಿಗಳಿವೆ. ನೀರೊಲ್ಲದ ಮಣಿಗಳು ಕೊಳವೆಗೆ ಅಂಟುತ್ತವೆ, ನೀರು ಬಯಸುವ ಮಣಿಗಳು ಹೊರಗೆ ಮುಖ ಮಾಡುತ್ತವೆ. ಟ್ರಿಪ್ಟೊಫ್ಯಾನ್, ಟೈರೊಸಿನ್, ಫಿನೈಲ್ ಅಲನಿನ್ ಎಂಬ ಉಂಗುರದ ಆಕಾರವುಳ್ಳ ಮಣಿಗಳು ಕೊಳವೆಯ ಜೇನುಗೂಡು ಮೈಯ ಮೇಲೆ ಬಿಲ್ಲೆಯಂತೆ ಚಪ್ಪಟೆಯಾಗಿ ಕೂರುತ್ತವೆ. ಹೀಗೆ ಒಂದೇ ಪ್ರೋಟೀನು ಗಂಟು ಬಿಡಿಸುವ ಸೀಗೆಯೂ ಆಗುತ್ತದೆ, ಹಿಡಿತ ಕೊಡುವ ಅಂಟೂ ಆಗುತ್ತದೆ. ಹಾಲಿನ, ಮೊಟ್ಟೆಯ, ರಕ್ತದ ಪ್ರೋಟೀನುಗಳನ್ನೆಲ್ಲ ಈ ಕೆಲಸಕ್ಕೆ ಬಳಸಿ ನೋಡಿದ್ದಾರೆ.

ಬಲವೊಂದೇ ಉದ್ದೇಶವೂ ಅಲ್ಲ. ಕೊಳವೆಯಲ್ಲಿ ವಿದ್ಯುತ್ತು ಹರಿಯುತ್ತದೆ. 2013ರಲ್ಲಿ ಅಮೆರಿಕದ ಬೋಸ್ಟನ್ ಪ್ರದೇಶದ ಸಂಶೋಧಕರು ಜೆಲಾಟಿನ್ ಪ್ರೋಟೀನಿನಿಂದ ತಯಾರಿಸಿದ ಮೆತ್ತನೆಯ ಹಾಳೆಗೆ ಕೊಳವೆ ಬೆರೆಸಿ, ಅದರ ಮೇಲೆ ಇಲಿಮರಿಗಳ ಹೃದಯದ ಜೀವಕೋಶಗಳನ್ನು ಬೆಳೆಸಿದರು. ಕೊಳವೆಯಿಲ್ಲದ ಹಾಳೆಗಿಂತ ಕೊಳವೆಯಿರುವ ಹಾಳೆಯ ಮೇಲೆ ಜೀವಕೋಶಗಳು ಚೆನ್ನಾಗಿ ಒಂದೇ ತಾಳಕ್ಕೆ ಮಿಡಿದವು. ಇದು ಇನ್ನೂ ಪ್ರಯೋಗಾಲಯದ ಮಾತು, ಆಸ್ಪತ್ರೆಯ ಮಾತಲ್ಲ.

ಈಗ ಮೊಬೈಲಿನ ಸುದ್ದಿಗೆ ಬರೋಣ. ಚೀನಾದ ಬೀಜಿಂಗಿನಲ್ಲಿರುವ ಸಿಂಗ್‌ಹುವಾ ವಿಶ್ವವಿದ್ಯಾಲಯದ ಯಿಂಗ್‌ಯಿಂಗ್ ಜಾಂಗ್ ಮತ್ತು ಸಂಗಡಿಗರು 2016ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅವರು ಮಾಡಿದ್ದು ಕೇಳಲು ಬಹಳ ಸರಳ. ನೀರಿನಲ್ಲಿ ನೂರಕ್ಕೆ 0.2ರಷ್ಟು ನ್ಯಾನೊ ಕೊಳವೆ ಅಥವಾ ಗ್ರಾಫೀನ್ ಬೆರೆಸಿ, ಹಿಪ್ಪುನೇರಳೆ ಸೊಪ್ಪಿನ ಮೇಲೆ ಸಿಂಪಡಿಸಿ, ಹುಳುಗಳಿಗೆ ತಿನ್ನಿಸಿದರು. ಹುಳು ಹಣ್ಣಾಯಿತು, ಗೂಡು ಕಟ್ಟಿತು. ಆ ಎಳೆ ಸಾಮಾನ್ಯ ಎಳೆಗಿಂತ ಸುಮಾರು ಅರ್ಧದಷ್ಟು ಹೆಚ್ಚು ಎಳೆತವನ್ನು ತಡೆಯಿತು ಎಂದು ವರದಿಯಾಯಿತು. ಆ ರೇಷ್ಮೆಯನ್ನು 1050 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಇಂಗಾಲವಾಗಿಸಿದಾಗ, ಕಾಯಿಸಿದ ಸಾಮಾನ್ಯ ರೇಷ್ಮೆಗಿಂತ ಚೆನ್ನಾಗಿ ವಿದ್ಯುತ್ತು ಹರಿಯಿತು.

ಅರ್ಧದಷ್ಟು ಹೆಚ್ಚು ಎನ್ನುವುದು ಸಣ್ಣ ಸಾಧನೆಯಲ್ಲ. ಆದರೆ ಕೊಳವೆಯ ಆರು ಟನ್ನಿನ ಲೆಕ್ಕಕ್ಕೂ ಇದಕ್ಕೂ ಅಜಗಜಾಂತರ. ಇನ್ನೂ ಕುತೂಹಲದ ಸಂಗತಿ ಒಂದಿದೆ. ಕೊಳವೆ ಸೇರಿದ ಎಳೆಯಲ್ಲಿ ಪ್ರೋಟೀನಿನ ಸರಗಳು ಬೀಟಾ ಹಾಳೆಗಳಾಗಿ ಬದಲಾಗುವುದಕ್ಕೆ ಅಡ್ಡಿಯಾದದ್ದು ಕಂಡುಬಂತು. ಅಂದರೆ ಸಡಿಲ ಜಾಗ ಹೆಚ್ಚು ಉಳಿಯಿತು. ಎಳೆ ಹರಿಯುವ ಮೊದಲು ಹೆಚ್ಚು ಹಿಗ್ಗಿ, ಹೆಚ್ಚು ತಾಳಿಕೊಂಡದ್ದಕ್ಕೆ ಇದು ಕಾರಣವಿರಬಹುದು ಎಂದು ಅವರೇ ಬರೆದಿದ್ದಾರೆ. ಕಾಂಕ್ರೀಟಿನ ಸರಳಿನ ಹಾಗೆ ಕೊಳವೆ ತಾನೊಂದೇ ಭಾರ ಹೊತ್ತಿತು ಎನ್ನುವ ಸರಳ ಕಥೆ ಇಲ್ಲಿ ಸಾಲದು. ಪಕ್ಕದಲ್ಲಿರುವ ಪ್ರೋಟೀನು ಹೇಗೆ ಮಡಿಚಿಕೊಳ್ಳಬೇಕು ಎಂಬುದನ್ನೇ ಅದು ಬದಲಿಸಿತು. ಬೆರಕೆಯ ವಸ್ತುವಿನಲ್ಲಿ ಎಷ್ಟು ಗಟ್ಟಿ ವಸ್ತು ಸೇರಿಸಿದಿರಿ ಎನ್ನುವುದಕ್ಕಿಂತ, ಎರಡರ ನಡುವೆ ಎಂಥ ಸಂಬಂಧ ಬೆಳೆಯಿತು ಎನ್ನುವುದು ಮುಖ್ಯ. ಇಂದು ನಾನು ಹೇಳಬೇಕೆಂದು ಬಂದ ವಿಜ್ಞಾನದ ಮಾತು ಇದೇ.

ಅದೇ ಪ್ರಬಂಧದಲ್ಲಿ ಇನ್ನೊಂದು ವಾಕ್ಯವಿದೆ. ಸುದ್ದಿ ಮಾಡಿದವರಲ್ಲಿ ಹೆಚ್ಚಿನವರು ಅದನ್ನು ಬಿಟ್ಟುಬಿಟ್ಟರು, ನಮ್ಮೂರಿನವರು ಮಾತ್ರ ಬಿಡಬಾರದು. ತಿನ್ನಿಸಿದ ಇಂಗಾಲದಲ್ಲಿ ಒಂದು ಪಾಲು ಮಾತ್ರ ರೇಷ್ಮೆಗೆ ಸೇರಿತು, ಉಳಿದದ್ದು ಹಿಕ್ಕೆಯಲ್ಲಿ ಹೋಯಿತು ಎಂಬುದು ಆ ವಾಕ್ಯ.

ಹಿಕ್ಕೆ ಎಂದರೆ ಪ್ರಯೋಗಾಲಯದವರಿಗೆ ಕಸ. ನಮಗೆ ಹಾಗಲ್ಲ. ಹುಳುಮನೆಯ ಹಾಸು ತೆಗೆದಾಗ ಹಿಕ್ಕೆಯೂ ಉಳಿದ ಸೊಪ್ಪೂ ತಿಪ್ಪೆಗೆ ಹೋಗುತ್ತವೆ, ಗೊಬ್ಬರವಾಗಿ ಮತ್ತೆ ಹಿಪ್ಪುನೇರಳೆ ತೋಟಕ್ಕೇ ಬರುತ್ತವೆ. ನೂಲು ಬಿಚ್ಚಿದ ಮೇಲೆ ಉಳಿದ ಕೋಶವನ್ನು ಒಣಗಿಸಿ ಕೋಳಿಗೆ, ಮೀನಿಗೆ ಆಹಾರ ಮಾಡುತ್ತಾರೆ. ಬೇಯಿಸಿದ ನೀರು ಚರಂಡಿಗೆ ಹರಿಯುತ್ತದೆ. ರೇಷ್ಮೆಯ ಊರಿನಲ್ಲಿ ಯಾವುದೂ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ಸೊಪ್ಪಿಗೆ ಸಿಂಪಡಿಸಿದ್ದು ಸೊಪ್ಪಿನಲ್ಲೇ ಉಳಿಯುವುದಿಲ್ಲ.

ಈ ಕೊಳವೆಗಳಿಂದ ಅಪಾಯವಿದೆಯೇ? ಎರಡು ಮಾತು ಹೇಳುತ್ತೇನೆ. ಒಂದು, ಪ್ರೋಟೀನಿನೊಳಗೆ ಬಿಗಿಯಾಗಿ ಸಿಕ್ಕಿಕೊಂಡ ಕೊಳವೆ ಬೇರೆ, ಗಾಳಿಯಲ್ಲಿ ಪುಡಿಯಾಗಿ ಹಾರುವ ಕೊಳವೆ ಬೇರೆ. ಎರಡನ್ನೂ ಒಂದೇ ಎಂದು ಹೆದರಬೇಕಿಲ್ಲ. ಎರಡು, ಹಾರುವ ಪುಡಿಯ ವಿಷಯದಲ್ಲಿ ಹೆದರಿಕೆಗೆ ಕಾರಣವಿದೆ. ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಏಕೆ ಕೆಟ್ಟದ್ದು ಎಂದರೆ ಅದರ ಎಳೆ ಸಪೂರ, ಉದ್ದ, ಕೊಳೆಯದ ಜಾತಿ. ಶ್ವಾಸಕೋಶ ಸೇರಿದರೆ ಹೊರಹಾಕುವುದು ಕಷ್ಟ. ಉದ್ದನೆಯ ನೆಟ್ಟಗಿನ ನ್ಯಾನೊ ಕೊಳವೆಗಳನ್ನು ಇಲಿಗಳ ಹೊಟ್ಟೆಯ ಒಳಪೊರೆಗೆ ಸೇರಿಸಿದಾಗ ಕಲ್ನಾರಿನದೇ ರೀತಿಯ ಉರಿಯೂತ ಕಂಡಿತೆಂದು 2008ರಲ್ಲಿ ಎಡಿನ್‌ಬರೊದ ವಿಜ್ಞಾನಿಗಳೂ ಅವರ ಸಂಗಡಿಗರೂ ತೋರಿಸಿದರು. ಚಿಕ್ಕ, ಸುರುಳಿ ಕೊಳವೆಗಳಿಂದ ಹಾಗಾಗಲಿಲ್ಲ. 2013ರಲ್ಲಿ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ, ಕೆಲಸದ ಜಾಗದ ಗಾಳಿಯಲ್ಲಿ ಒಂದು ಘನ ಮೀಟರಿಗೆ ಒಂದು ಮೈಕ್ರೊಗ್ರಾಮಿಗಿಂತ ಹೆಚ್ಚು ಇರಬಾರದೆಂದು ಶಿಫಾರಸು ಮಾಡಿತು. ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು! ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2014ರಲ್ಲಿ ಒಂದು ಬಗೆಯ ಬಹುಪದರದ ಕೊಳವೆಯನ್ನು ಕ್ಯಾನ್ಸರ್ ತರುವ ಸಾಧ್ಯತೆಯಿರುವ ವಸ್ತುಗಳ ಪಟ್ಟಿಗೆ ಸೇರಿಸಿತು.

ಈಗ ನಮ್ಮ ಹುಳುಮನೆಯನ್ನು ನೆನೆಯಿರಿ. ಸೊಪ್ಪಿಗೆ ಸಿಂಪಡಿಸುವವರು ಯಾರು? ಒಣಗಿದ ಹಾಸನ್ನು ಕೈಯಲ್ಲಿ ಎತ್ತಿ ಕೊಡವುವವರು ಯಾರು? ಚಂದ್ರಿಕೆ ಝಾಡಿಸುವವರು ಯಾರು? ಬಹುಪಾಲು ನಮ್ಮ ತಾಯಂದಿರು, ರಜೆಯ ದಿನ ಈ ಮಕ್ಕಳು. ನೂಲು ಬಿಚ್ಚುವ ಮನೆಗಳಲ್ಲಿ ಹಬೆ, ಹೊಗೆ, ಕೋಶದ ವಾಸನೆಯ ನಡುವೆ ದುಡಿಯುವವರ ಎದೆಗೆ ಈಗಾಗಲೇ ಸಾಕಷ್ಟು ಹೊರೆಯಿದೆ. ಎಳೆ ಅರ್ಧದಷ್ಟು ಗಟ್ಟಿಯಾದರೆ ಅದರ ಲಾಭ ಯಾರ ಪಾಲಿಗೆ, ಪುಡಿಯ ಹೊರೆ ಯಾರ ಪಾಲಿಗೆ? ಇದೂ ವಸ್ತುವಿಜ್ಞಾನದ ಪ್ರಶ್ನೆಯೇ. ಎಳೆಯ ಬಲ ಅಳೆಯುವಷ್ಟೇ ಶ್ರದ್ಧೆಯಿಂದ ಹಿಕ್ಕೆಯನ್ನೂ, ಕೋಶವನ್ನೂ, ಬೇಯಿಸಿದ ನೀರನ್ನೂ ಅಳೆಯಬೇಕು.

ಹಾಗಾಗಿ ನನ್ನನ್ನು ಕೇಳಿದವರಿಗೆ ಉತ್ತರ ಇದು. ಸುದ್ದಿ ಸುಳ್ಳಲ್ಲ. ಆದರೆ ಸೀರೆಗೆ ಬೇಕಾದದ್ದು ಹೊಳಪು, ಬಣ್ಣ, ಮೈಗೆ ಹಿತ. ಅದಕ್ಕೆ ಈಗಿರುವ ಬಲ ಸಾಕು. ಇಂಗಾಲದ ರೇಷ್ಮೆಗೆ ಜಾಗ ಸಿಗುವುದಿದ್ದರೆ ಗಾಯ ಹೊಲಿಯುವ ದಾರ, ದೇಹದ ಚಲನೆ ಅಳೆಯುವ ಸಂವೇದಕಗಳು, ಮಡಚಬಹುದಾದ ವಿದ್ಯುತ್ ಉಪಕರಣಗಳು, ಇಂಥ ಕಡೆ. ಅದನ್ನು ಹುಳುವಿನ ಹೊಟ್ಟೆಯ ಮೂಲಕವೇ ಮಾಡಬೇಕೆಂದೂ ಇಲ್ಲ. ರೇಷ್ಮೆಯನ್ನು ಕರಗಿಸಿ, ಮುಚ್ಚಿದ ಪಾತ್ರೆಯಲ್ಲಿ ಕೊಳವೆ ಬೆರೆಸಿ, ಮತ್ತೆ ಎಳೆ ತೆಗೆಯುವ ದಾರಿಗಳೂ ಇವೆ. ಅಲ್ಲಿ ಪುಡಿಯನ್ನು ಕಾಯುವುದು ಸುಲಭ. ಯಾರಾದರೂ ಬಾಟಲಿ ಹಿಡಿದು ಬಂದು ಸೊಪ್ಪಿಗೆ ಇದನ್ನು ಹೊಡೆಯಿರಿ, ಗೂಡಿಗೆ ಬೆಲೆ ಬರುತ್ತದೆ ಎಂದರೆ, ಬಾಟಲಿಯೊಳಗೆ ಏನಿದೆ, ಎಷ್ಟಿದೆ, ಹಿಕ್ಕೆಯಲ್ಲಿ ಎಷ್ಟು ಹೋಗುತ್ತದೆ, ಯಾರು ಅಳೆದಿದ್ದಾರೆ ಎಂದು ಕೇಳಿ. ಈ ನಾಲ್ಕು ಪ್ರಶ್ನೆ ಕೇಳಲು ಪದವಿ ಬೇಕಾಗಿಲ್ಲ, ಹತ್ತನೇ ತರಗತಿಯ ವಿಜ್ಞಾನ ಸಾಕು.

ಮಕ್ಕಳೇ, ನಿಮ್ಮ ವಿಜ್ಞಾನ ಸಂಘಕ್ಕೆ ಒಂದು ಕೆಲಸ ಕೊಟ್ಟು ಮುಗಿಸುತ್ತೇನೆ. ನ್ಯಾನೊ ಕೊಳವೆ ಬೇಡ, ಹತ್ತಿ ದಾರ ಸಾಕು. ಜೆಲಾಟಿನ್ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ ತಟ್ಟೆಯಲ್ಲಿ ಹುಯ್ದು ನಾಲ್ಕು ಪಟ್ಟಿಗಳನ್ನು ಮಾಡಿ. ಒಂದಕ್ಕೆ ಏನೂ ಹಾಕಬೇಡಿ. ಎರಡನೆಯದಕ್ಕೆ ದಾರದ ತುಂಡುಗಳನ್ನು ಉದ್ದಕ್ಕೆ ಜೋಡಿಸಿ. ಮೂರನೆಯದಕ್ಕೆ ಅಷ್ಟೇ ದಾರವನ್ನು ಚೆಲ್ಲಾಪಿಲ್ಲಿ ಹಾಕಿ. ನಾಲ್ಕನೆಯದಕ್ಕೆ ಅಷ್ಟೇ ದಾರವನ್ನು ಉಂಡೆ ಮಾಡಿ ನಡುವೆ ಇಡಿ. ಒಣಗಿದ ಮೇಲೆ ಮೊಳೆಗೆ ಕಟ್ಟಿ, ಕೆಳಗೆ ಡಬ್ಬಿ ತೂಗಿಬಿಟ್ಟು ಮರಳು ತುಂಬುತ್ತಾ ಹೋಗಿ. ಯಾವುದು ಎಷ್ಟು ಮರಳಿಗೆ ಹರಿಯಿತು, ಎಲ್ಲಿ ಹರಿಯಿತು, ದಾರ ತುಂಡಾಯಿತೋ ಜಾರಿತೋ, ಬರೆದಿಡಿ. ಒಂದೊಂದನ್ನೂ ಐದು ಸಲ ಮಾಡಿ. ನಾನು ಹೇಳಿದ್ದಕ್ಕಿಂತ ಬೇರೆ ಫಲ ಬಂದರೆ ಅದನ್ನೂ ಹಾಗೆಯೇ ಬರೆದು, ಕಾರಣ ಹುಡುಕಿ.

ಈ ಶಾಲೆ ಐವತ್ತು ವರ್ಷಗಳಿಂದ ಅಳೆಯುವುದನ್ನೂ ಕೇಳುವುದನ್ನೂ ಕಲಿಸಿದೆ. ಮುಂದಿನ ಐವತ್ತು ವರ್ಷವೂ ಕಲಿಸಲಿ.